ಅರ್ಧವೃತ್ತದ ತಂತಿಯ ಮೇಲೆ ಒಟ್ಟು ಬಲ ಸೊನ್ನೆಯಾಗುವುದು ಹೇಗೆ?

ಪ್ಲಸ್ ಟು ವಿದ್ಯಾರ್ಥಿನಿ, ಕುಂಬಳೆ:
ಒಂದು ಅರ್ಧವೃತ್ತವೂ ಅದರ ವ್ಯಾಸವೂ ಸೇರಿ ಆದ ಮುಚ್ಚಿದ ತಂತಿಯಲ್ಲಿ 2 ಆಂಪಿಯರ್ ಪ್ರವಾಹ ಹರಿಯುತ್ತಿದೆ. ತ್ರಿಜ್ಯ 10 ಸೆಂ.ಮೀ.; ತಂತಿಯ ಸಮತಲಕ್ಕೆ ಲಂಬವಾಗಿ 0.5 ಟೆಸ್ಲಾದ ಏಕರೂಪ ಕಾಂತಕ್ಷೇತ್ರವಿದೆ. ಕಮಾನಿನ ಉದ್ದ ಸುಮಾರು 31.4 ಸೆಂ.ಮೀ., ವ್ಯಾಸದ್ದು 20 ಸೆಂ.ಮೀ. ಮಾತ್ರ. ಉದ್ದ ಹೆಚ್ಚಿದ್ದಲ್ಲಿ ಬಲವೂ ಹೆಚ್ಚಬೇಕಲ್ಲವೇ? ಹಾಗಿರುವಾಗ ಎರಡು ಬಲಗಳೂ ಪರಸ್ಪರ ರದ್ದಾಗುತ್ತವೆ ಎನ್ನುವುದು ಹೇಗೆ?

ನಿವೃತ್ತ ಅಧ್ಯಾಪಕ, ಮಂಜೇಶ್ವರ:
ಕಮಾನಿನ ಪ್ರತಿಯೊಂದು ಚಿಕ್ಕ ತುಂಡಿನ ಮೇಲೂ ಬಲವಿದೆ. ಆದರೆ ಆ ಬಲಗಳ ದಿಕ್ಕು ಒಂದೇ ಅಲ್ಲ, ಪ್ರತಿಯೊಂದೂ ಆಯಾ ಜಾಗದ ತ್ರಿಜ್ಯದ ಗುಂಟ ಇರುತ್ತದೆ. ತುದಿಗಳ ಬಳಿಯ ತುಂಡುಗಳ ಮೇಲಿನ ಬಲ ಬಹುಮಟ್ಟಿಗೆ ವ್ಯಾಸಕ್ಕೆ ಸಮಾಂತರವಾಗಿದ್ದು, ಎಡದ್ದು ಬಲದ್ದನ್ನು ಅಳಿಸಿಬಿಡುತ್ತದೆ. ವ್ಯಾಸಕ್ಕೆ ಲಂಬವಾದ ಭಾಗಗಳಷ್ಟೇ ಉಳಿದು, ಅವನ್ನು ಕೂಡಿದಾಗ 2 × 0.5 × 0.2, ಅಂದರೆ 0.2 ನ್ಯೂಟನ್ ಬರುತ್ತದೆ. ವ್ಯಾಸದ ಮೇಲಿನ ಬಲವೂ ಅಷ್ಟೇ, ದಿಕ್ಕು ಮಾತ್ರ ವಿರುದ್ಧ. ಏಕರೂಪ ಕ್ಷೇತ್ರದಲ್ಲಿ ಲೆಕ್ಕಕ್ಕೆ ಬರುವುದು ತಂತಿ ಎಲ್ಲಿಂದ ಹೊರಟು ಎಲ್ಲಿಗೆ ಸೇರಿತು ಎಂಬ ನೇರ ಅಂತರವೇ ಹೊರತು ನಡುವೆ ಅದು ಹೇಗೆ ಬಳಸಿಕೊಂಡು ಹೋಯಿತು ಎಂಬುದಲ್ಲ. ಹೊರಟಲ್ಲಿಗೇ ಮರಳುವ ತಂತಿಗೆ ಆ ಅಂತರವೇ ಸೊನ್ನೆ. ಹಾಗೆಂದು ತಂತಿಗೆ ಏನೂ ಆಗುವುದಿಲ್ಲವೆಂದು ತಿಳಿಯಬೇಡಿ. ಪ್ರವಾಹದ ದಿಕ್ಕಿಗೆ ಅನುಸಾರವಾಗಿ ಅದು ಹೊರಕ್ಕೆ ಹಿಗ್ಗಲು ಇಲ್ಲವೇ ಒಳಕ್ಕೆ ಕುಗ್ಗಲು ನೋಡುತ್ತದೆ. ಪರೀಕ್ಷೆಯಲ್ಲಿ ಇದನ್ನು ಕೇಳುವುದು ಅಪರೂಪ. ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ಪ್ಲಸ್ ಟು ವಿದ್ಯಾರ್ಥಿನಿ, ಕುಂಬಳೆ:
ಧನ್ಯವಾದಗಳು ಮಾಷ್ಟ್ರೇ. ಇದೇ ತಂತಿಯನ್ನು ಮೇಜಿನ ಮೇಲೆ ಮಲಗಿಸಿದರೆ ಭೂಮಿಯ ಕಾಂತಕ್ಷೇತ್ರ ಅದನ್ನು ತಿರುಗಿಸಬಲ್ಲುದೇ?

ಪ್ರಯೋಗಾಲಯ ಸಹಾಯಕ, ಕಾಸರಗೋಡು:
ಯತ್ನವನ್ನಂತೂ ಮಾಡುತ್ತದೆ. ಕಾಂತೀಯ ಸಮಭಾಜಕ ರೇಖೆ, ಅಂದರೆ ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾಂತರವಾಗಿರುವ ಜಾಗಗಳನ್ನು ಸೇರಿಸುವ ರೇಖೆ, ಭಾರತದ ದಕ್ಷಿಣ ತುದಿಯ ಸಮೀಪ ಹಾದುಹೋಗುವುದರಿಂದ (1963ರಲ್ಲಿ ಮೊದಲ ರಾಕೆಟನ್ನು ಹಾರಿಸಲು ತಿರುವನಂತಪುರದ ತುಂಬಾವನ್ನು ಆರಿಸಿಕೊಂಡದ್ದೂ ಇದೇ ಕಾರಣಕ್ಕೆ) ನಮ್ಮ ಜಿಲ್ಲೆಯಲ್ಲಿ ಭೂಮಿಯ ಕ್ಷೇತ್ರ ಹೆಚ್ಚುಕಡಿಮೆ ನೆಲಕ್ಕೆ ಸಮಾಂತರವಾಗಿ ಉತ್ತರಕ್ಕೆ ಮುಖಮಾಡಿದೆ. ಮಲಗಿಸಿದ ತಂತಿಯ ಸಮತಲದಲ್ಲಿಯೇ ಕ್ಷೇತ್ರವಿರುವ ಕಾರಣ ಟಾರ್ಕ್ (ತಿರುಗಿಸುವ ಪ್ರಭಾವ) ಗರಿಷ್ಠ ಮಟ್ಟದಲ್ಲಿರುತ್ತದೆ. ಮೇಲಿನಿಂದ ನೋಡುವಾಗ ಪ್ರವಾಹ ಅಪ್ರದಕ್ಷಿಣವಾಗಿದ್ದರೆ ಉತ್ತರದ ಅಂಚು ಮೇಜನ್ನು ಒತ್ತುತ್ತದೆ, ದಕ್ಷಿಣದ ಅಂಚು ಮೇಲೇಳಲು ನೋಡುತ್ತದೆ. ಆದರೆ ಕ್ಷೇತ್ರದ ಪ್ರಮಾಣ ಸುಮಾರು 40 ಮೈಕ್ರೋಟೆಸ್ಲಾ ಮಾತ್ರ. ತಂತಿಯ ವಿಸ್ತೀರ್ಣ 0.0157 ಚದರ ಮೀಟರ್. ಪ್ರವಾಹ, ವಿಸ್ತೀರ್ಣ, ಕ್ಷೇತ್ರ ಮೂರನ್ನೂ ಗುಣಿಸಿದರೆ ಟಾರ್ಕ್ ಒಂದು ನ್ಯೂಟನ್-ಮೀಟರಿನ ಹತ್ತು ಲಕ್ಷದಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು ಬರುತ್ತದೆ, ತಂತಿಯ ತೂಕದ ಮುಂದೆ ಅದು ನಗಣ್ಯ. ನೂರಾರು ಸುತ್ತುಗಳ ಹಗುರವಾದ ಸುರುಳಿಯನ್ನು ಸಣ್ಣ ನೂಲಿನಿಂದ ನೇತುಹಾಕಿದರೆ, ಅದರ ಸಮತಲ ನಿಧಾನವಾಗಿ ಪೂರ್ವ-ಪಶ್ಚಿಮಕ್ಕೆ ಹೊರಳುವುದನ್ನು ಕಾಣಬಹುದು.

ನಿವೃತ್ತ ಅಧ್ಯಾಪಕ, ಮಂಜೇಶ್ವರ:
ಹಾಗೆ ಹೊರಳುತ್ತ ಹೋದಂತೆ ಟಾರ್ಕ್, ಕ್ಷೇತ್ರಕ್ಕೂ ಸುರುಳಿಯ ಅಕ್ಷಕ್ಕೂ ನಡುವಿನ ಕೋನದ ಸೈನ್‌ಗೆ ಅನುಗುಣವಾಗಿ ಕುಗ್ಗುತ್ತದೆ. ಸಣ್ಣ ಪ್ರವಾಹವನ್ನು ಸುರುಳಿಯ ತಿರುಗುವಿಕೆಯಿಂದ ಅಳೆಯುವ ಗ್ಯಾಲ್ವನೋಮೀಟರಿನಲ್ಲಿ ಏಕರೂಪ ಕ್ಷೇತ್ರವನ್ನು ಬಿಟ್ಟು, ಒಳಬಾಗಿದ ಧ್ರುವಗಳ ನಡುವೆ ಕಬ್ಬಿಣದ ತಿರುಳನ್ನಿಟ್ಟು ತ್ರಿಜ್ಯೀಯ ಕ್ಷೇತ್ರವನ್ನು (ಸುರುಳಿ ಹೊರಳಿದರೂ ಅದರ ಸಮತಲದಲ್ಲೇ ಇರುವ ಕ್ಷೇತ್ರವನ್ನು) ಪಡೆಯುವುದು ಈ ಕುಗ್ಗುವಿಕೆಯನ್ನು ತಪ್ಪಿಸುವುದಕ್ಕಾಗಿಯೇ. ಅದರ ಅಳತೆಪಟ್ಟಿಯ ಗೆರೆಗಳು ಸಮಾನ ಅಂತರದಲ್ಲಿರುವುದೂ ಅದರಿಂದಲೇ.