ಎಸ್ಟೇಟ್ ರಸ್ತೆ, ಘಾಟಿ ತಿರುವು: ಮೂವರಿಗೆ ಸಣ್ಣ ಕ್ಯಾಂಪರ್ ವ್ಯಾನ್ ಯಾವುದು?

ಅಡ್ಡದಾರಿ:

ಎಲ್ಲರಿಗೂ ನಮಸ್ಕಾರ. ನಾವು ಇಬ್ಬರು ದೊಡ್ಡವರು, ಹತ್ತು ವರ್ಷದ ಮಗಳು. ಒಳಗೇ ಮಲಗುವಂತಿರಬೇಕು, ದಿನಕ್ಕೆ ಒಂದು ಹೊತ್ತು ಅಡುಗೆ ಮಾಡಿಕೊಳ್ಳುವಂತಿರಬೇಕು. ಹೋಗುವುದು ಹೆಚ್ಚಾಗಿ ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ಒಳದಾರಿಗಳಿಗೆ. ಘಾಟಿಗಳಲ್ಲಿ ಚಾರ್ಮಾಡಿ, ಆಗುಂಬೆ, ಬಿಸಿಲೆ. ಆಗೊಮ್ಮೆ ಈಗೊಮ್ಮೆ ಊಟಿ. ರಾತ್ರಿ ನಿಲ್ಲಿಸುವುದು ಪರಿಚಯದವರ ಅಂಗಳ, ಕಾಫಿ ಕಣ ಅಥವಾ ಹೋಂಸ್ಟೇಯಲ್ಲಿ.

ಫೋರ್ಸ್ ಟ್ರಾವೆಲರ್, ಫೋರ್ಸ್ ಅರ್ಬೇನಿಯಾ, ಟಾಟಾ ವಿಂಗರ್, ಮಾರುತಿ ಈಕೋ, ಡಬಲ್ ಕ್ಯಾಬ್ (ಎರಡು ಸಾಲು ಸೀಟಿನ) ಪಿಕಪ್ ಎಲ್ಲವೂ ಪಟ್ಟಿಯಲ್ಲಿವೆ. ಹಳೆಯ ಗಾಡಿ ಆದರೂ ಅಡ್ಡಿಯಿಲ್ಲ. ಎಷ್ಟು ಉದ್ದ, ಎಷ್ಟು ಅಗಲದವರೆಗೆ ಧೈರ್ಯವಾಗಿ ಹೋಗಬಹುದು? ಮೇಲೆ ಎಸಿ, ಒಳಗೆ ಟಾಯ್ಲೆಟ್ ಹಾಕಿಸಬೇಕಾ? ಆರ್‌ಟಿಒ ಕಡೆಯಿಂದ ಏನೇನು ತೊಡಕು ಬರುತ್ತದೆ?

ಘಟ್ಟದ ಗೇರು:

ಎಲ್ಲರೂ ಮೊದಲು ಗಾಡಿಯ ಉದ್ದ ಕೇಳುತ್ತಾರೆ. ನಿಮ್ಮ ದಾರಿಗಳಲ್ಲಿ ತೊಂದರೆ ಕೊಡುವುದು ಉದ್ದಕ್ಕಿಂತ ಅಗಲ, ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) ಮತ್ತು ಹಿಂದಿನ ಚಕ್ರದಾಚೆ ಚಾಚಿಕೊಂಡಿರುವ ಬಾಡಿ. ಈ ಮೂರನ್ನು ನೋಡಿ ಗಾಡಿ ಆರಿಸಿ, ಹಾಸಿಗೆಯ ಲೆಕ್ಕ ಆಮೇಲೆ.

ತಿರುವಿನಲ್ಲಿ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲೇ ಬರುವುದಿಲ್ಲ, ಒಳಗಡೆಗೆ ಕತ್ತರಿಸಿಕೊಂಡು ಬರುತ್ತದೆ. ಎಷ್ಟು ಕತ್ತರಿಸುತ್ತದೆ ಎಂಬುದು ವೀಲ್‌ಬೇಸಿನ ಮೇಲೆ ನಿಂತಿದೆ. ಮುಂದಿನ ಚಕ್ರ 6.5 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತಿದೆ ಎಂದಿಟ್ಟುಕೊಳ್ಳಿ. 2,350 ಮಿ.ಮೀ. ವೀಲ್‌ಬೇಸಿನ ಈಕೋ ಸುಮಾರು 44 ಸೆಂ.ಮೀ. ಒಳಗೆ ಬರುತ್ತದೆ. 3,050ರ ಟ್ರಾವೆಲರ್ 76 ಸೆಂ.ಮೀ., 3,350ರದು 93 ಸೆಂ.ಮೀ. 4,400ರ ಉದ್ದನೆಯ ಅರ್ಬೇನಿಯಾಗೆ ಅದೇ ತಿರುವು ಸಿಕ್ಕರೆ 1.7 ಮೀಟರ್ ಬೇಕು, ಅಂದರೆ ರಿವರ್ಸ್ ಹಾಕದೆ ದಾಟುವುದಿಲ್ಲ. ಈ ಅಂಕಿಗೆ ಬಾಡಿಯ ಅಗಲ ಸೇರಿಸಿದರೆ ರಸ್ತೆ ಕನಿಷ್ಠ ಎಷ್ಟಿರಬೇಕೆಂದು ಗೊತ್ತಾಗುತ್ತದೆ. ಮುಂದಿನ ಬಂಪರ್ ಹೊರಕ್ಕೆ ಬೀಸುವುದು ಇದರ ಮೇಲೆ.

ಅಗಲ: ಈಕೋ 1,475 ಮಿ.ಮೀ., ಬೊಲೆರೊ ಪಿಕಪ್ ಜಾತಿಯವು 1.7 ಮೀಟರ್ ಆಸುಪಾಸು, ವಿಂಗರ್ 1,905, ಟ್ರಾವೆಲರ್ 2 ಮೀಟರ್ ಹತ್ತಿರ, ಅರ್ಬೇನಿಯಾ 2,095. ಕನ್ನಡಿಗಳಿಗೆ ಇನ್ನೂ 35-40 ಸೆಂ.ಮೀ. ಸೇರಿಸಿ. ಹಳ್ಳಿ ರಸ್ತೆಯ ಡಾಂಬರು ಸಾಮಾನ್ಯವಾಗಿ 3 ಅಥವಾ 3.75 ಮೀಟರ್. ಎಸ್ಟೇಟಿನ ಒಳಗೆ ಅಷ್ಟೂ ಇರುವುದಿಲ್ಲ. ಅಲ್ಲಿನ ದಾರಿ ಪಿಕಪ್ ಓಡಾಡಿ ಸವೆದು ಆದದ್ದು. ಒಂದು ಕಡೆ ಧರೆ (ಕಡಿದ ಮಣ್ಣಿನ ದಿಬ್ಬ), ಇನ್ನೊಂದು ಕಡೆ ಚರಂಡಿ. ಹಾಗಾಗಿ ಪಿಕಪ್ಪಿನ ಅಗಲವನ್ನೇ ಗೆರೆ ಎಂದು ಇಟ್ಟುಕೊಳ್ಳಿ. ಅದರೊಳಗಿನ ಗಾಡಿ ಅಂಗಳದವರೆಗೂ ಹೋಗುತ್ತದೆ. ಅದನ್ನು ಮೀರಿದರೆ ಗೇಟಿನ ಹೊರಗೆ ಎಲ್ಲಿ ನಿಲ್ಲಿಸುವುದೆಂದು ಮೊದಲೇ ಫೋನ್ ಮಾಡಿ ಕೇಳಬೇಕಾಗುತ್ತದೆ.

ಅರ್ಬೇನಿಯಾ ಬಹಳ ಒಳ್ಳೆಯ ಗಾಡಿ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು, ಕೂತವರಿಗೆ ಕುಲುಕಾಟ ಕಮ್ಮಿ. ಆದರೆ ನಿಮ್ಮ ದಾರಿಗೆ ಅಲ್ಲ. ವಿಂಗರ್ ಮುಂದಿನ ಚಕ್ರ ಎಳೆಯುವ ಗಾಡಿ. ಮಂಚ, ನೀರು, ಅಡುಗೆ ಸಾಮಾನು ಎಲ್ಲ ಹಿಂದೆ ಸೇರಿದ ಮೇಲೆ ಏರಿನಲ್ಲಿ ಮೂತಿ ಹಗುರಾಗುತ್ತದೆ. ಜುಲೈ ತಿಂಗಳಲ್ಲಿ ಪಾಚಿ ಕಟ್ಟಿದ ಕಾಂಕ್ರೀಟ್ ಏರಿನ ಮಧ್ಯೆ ನಿಲ್ಲಿಸಿ ಮತ್ತೆ ಎತ್ತುವಾಗ ಚಕ್ರ ಸುತ್ತುತ್ತದೆ. ಬಯಲುಸೀಮೆಗೆ ಅದು ಸೊಗಸಾದ ಕ್ಯಾಂಪರ್, ಮಲೆನಾಡಿನ ಮಳೆಗಾಲಕ್ಕೆ ನಾನು ಹೇಳುವುದಿಲ್ಲ.

ಪಿಕಪ್ಪಿನ ಗೆರೆ ಮೀರಿದರೂ ಮೂವರಿಗೆ ನನ್ನ ಆಯ್ಕೆ 3,050 ವೀಲ್‌ಬೇಸಿನ ಟ್ರಾವೆಲರ್. ಹಿಂದಿನ ಚಕ್ರಕ್ಕೆ ಎಳೆತ. ಈಗಿನ 2.6 ಲೀಟರ್ ಎಂಜಿನ್ನಿನಲ್ಲಿ 350 ಎನ್‌ಎಂ ಟಾರ್ಕ್ (ತಿರುಗಿಸುವ ಬಲ) ಇರುವುದರಿಂದ ಏರಿನಲ್ಲಿ ಕ್ಲಚ್ ಸುಡದೆ ನಿಧಾನವಾಗಿ ಎತ್ತಬಹುದು.

ನಟ್ಟು ಬೋಲ್ಟು:

ಮೇಲಿನವರು ಹೇಳಿದ್ದಕ್ಕೆ ತೂಕದ ವಿಷಯ ಸೇರಿಸುತ್ತೇನೆ. ಬಾಡಿ ಕಟ್ಟುವ ಕಡೆ ಹೆಚ್ಚಿನವರು ಲೆಕ್ಕ ತಪ್ಪುವುದು ಇಲ್ಲೇ.

12 ಮಿ.ಮೀ. ದಪ್ಪದ 8x4 ಅಡಿ ಪ್ಲೈವುಡ್ ಒಂದಕ್ಕೆ ಸುಮಾರು 22 ಕೆ.ಜಿ., 18 ಮಿ.ಮೀ. ಆದರೆ 33. ಮನೆಗೆ ವಾರ್ಡ್‌ರೋಬ್ ಮಾಡುವ ಬಡಗಿಗೆ ಕೆಲಸ ಕೊಟ್ಟರೆ ಅಭ್ಯಾಸದಂತೆ 18ರದ್ದೇ ಹಾಕುತ್ತಾರೆ. 12ರ ನಾಲ್ಕು ಹಾಳೆ 88 ಕೆ.ಜಿ., ನೀರು 40, ಲಿಥಿಯಂ ಬ್ಯಾಟರಿ 12, ವೈರು ಇನ್ವರ್ಟರು 10, ಸಣ್ಣ ಫ್ರಿಜ್ 14, ಹಾಸಿಗೆ 15, ಒಲೆ, ಸಿಲಿಂಡರ್, ಪಾತ್ರೆ 25, ಬಟ್ಟೆ, ಕುರ್ಚಿ, ಟೂಲ್ಸ್ 50. ಅಲ್ಲಿಗೆ 254. ನೀವು ಮೂವರು ಕೂತರೆ 430 ಹತ್ತಿರ. ಆರ್‌ಸಿಯಲ್ಲಿರುವ ಒಟ್ಟು ತೂಕದಿಂದ ಖಾಲಿ ತೂಕ ಕಳೆದು, ಉಳಿದದ್ದರಲ್ಲಿ ಇದು ಕೂರುತ್ತದಾ ನೋಡಿ. ಕೆಲಸ ಮುಗಿದ ಮೇಲೆ ನೀರು, ಡೀಸೆಲ್ ತುಂಬಿಸಿ ವೇ ಬ್ರಿಡ್ಜಿಗೆ ಒಯ್ದು ಮೊದಲು ಪೂರ್ತಿ ಗಾಡಿ, ಆಮೇಲೆ ಹಿಂದಿನ ಆಕ್ಸಲ್ ಮಾತ್ರ ತೂಗಿಸಿ. ಎಡಬಲದ ವ್ಯತ್ಯಾಸವೂ ಗಮನಿಸಿ. ಕಿಚನ್, ನೀರಿನ ಟ್ಯಾಂಕ್, ಬ್ಯಾಟರಿ ಮೂರೂ ಒಂದೇ ಪಕ್ಕಕ್ಕೆ ಹೋದರೆ ಗಾಡಿ ಆ ಕಡೆಗೇ ವಾಲಿಕೊಂಡು ತಿರುವು ತೆಗೆಯುತ್ತದೆ. ಟ್ಯಾಂಕ್ ಎರಡು ಆಕ್ಸಲ್ ನಡುವೆ, ನೆಲಕ್ಕೆ ಹತ್ತಿರ ಇರಲಿ, ಒಳಗೆ ಅಡ್ಡ ತಡೆ ಇರಲಿ.

ಪ್ಲೈ ಕೊಳ್ಳುವಾಗ ಐಎಸ್ 710 (ನೀರು ತಡೆಯುವ ಮರೈನ್ ಪ್ಲೈ) ಗುರುತು ನೋಡಿ. ಬೇರೆಯದು ಮಲೆನಾಡಿನ ಥಂಡಿಗೆ ಅಂಚು ಬಿಟ್ಟುಕೊಳ್ಳುತ್ತದೆ. ಹಾಸಿಗೆಯ ಕೆಳಗೆ ಗಟ್ಟಿ ಹಲಗೆ ಬೇಡ, ಎರಡೆರಡು ಇಂಚು ಸಂದು ಬಿಟ್ಟು ಪಟ್ಟಿ ಹೊಡೆಸಿ. ಮೂರು ಜನರ ಉಸಿರಿನ ತೇವ ಗಟ್ಟಿ ಹಲಗೆಯ ಮೇಲೆ ನೀರಾಗಿ ನಿಂತು, ಹಾಸಿಗೆಯ ಅಡಿ ಬೂಸ್ಟು ಹಿಡಿಯುತ್ತದೆ.

ಕರೆಂಟು: 12 ವೋಲ್ಟ್ 100 ಎಎಚ್ (ಆಂಪಿಯರ್-ಗಂಟೆ) ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1.28 ಯೂನಿಟ್ ಇರುತ್ತದೆ. ದೀಪ, ಫ್ಯಾನು, ಫೋನು, ಸಣ್ಣ ಕಂಪ್ರೆಸರ್ ಫ್ರಿಜ್ಜಿಗೆ ಒಂದು ದಿನಕ್ಕೆ ಸಾಕು. ಇಂಡಕ್ಷನ್ ಒಲೆಗೆ ಆಸೆಪಡಬೇಡಿ, 1,800 ವ್ಯಾಟ್ ಅಂದರೆ 12 ವೋಲ್ಟಿನಲ್ಲಿ 150 ಆಂಪಿಯರ್. ಮಳೆಗಾಲದಲ್ಲಿ, ಮರದ ನೆರಳಲ್ಲಿ ಸೋಲಾರ್ ನಂಬುವಂತಿಲ್ಲ. ಆಲ್ಟರ್ನೇಟರಿನಿಂದ (ಎಂಜಿನ್ ಓಡುವಾಗ ಕರೆಂಟು ಕೊಡುವ ಭಾಗ) 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಹಾಕಿಸಿ, ಮೂರು ಗಂಟೆ ಓಡಿಸಿದರೆ 90 ಎಎಚ್ ತುಂಬುತ್ತದೆ. ವೈರು 16 ಚದರ ಮಿ.ಮೀ. ತಾಮ್ರದ್ದು. ಐದು ಮೀಟರ್ ದೂರಕ್ಕೆ ಹೋಗಿ ಬರುವಷ್ಟರಲ್ಲಿ ಅದರಲ್ಲಿ 0.35 ವೋಲ್ಟ್ ಮಾತ್ರ ಬೀಳುತ್ತದೆ. ಫ್ಯೂಸ್ ಗಾಡಿಯ ಬ್ಯಾಟರಿ, ಈ ಲಿಥಿಯಂ ಬ್ಯಾಟರಿ ಎರಡರ ಪಕ್ಕದಲ್ಲೂ ಇರಬೇಕು. ಒಂದೇ ತುದಿಗೆ ಹಾಕಿದರೆ ಮಧ್ಯೆ ವೈರು ಉಜ್ಜಿ ಶಾರ್ಟ್ ಆದಾಗ ಇನ್ನೊಂದು ತುದಿಯ ಬ್ಯಾಟರಿ ಆ ವೈರನ್ನು ಉರಿಸುತ್ತದೆ.

ಮೇಲಿನ ಎಸಿ ಬೇಡ. ಎತ್ತರ 20-25 ಸೆಂ.ಮೀ. ಹೆಚ್ಚುತ್ತದೆ, ತೂಕ ನೆತ್ತಿಯ ಮೇಲೆ ಕೂರುತ್ತದೆ, ಹಲಸಿನ ಕೊಂಬೆಗೂ ಲೈನ್ ಮನೆಗಳ (ಎಸ್ಟೇಟ್ ಕೆಲಸಗಾರರ ಸಾಲುಮನೆ) ಸರ್ವಿಸ್ ವೈರಿಗೂ ತಾಗುತ್ತದೆ. ಎಂಜಿನ್ ಓಡಿಸಿಟ್ಟು ಎಸಿಯಲ್ಲಿ ಮಲಗುವುದಂತೂ ಖಂಡಿತ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ಅದಕ್ಕೊಂದು ಅಲಾರಂ ಮಲಗುವ ಎತ್ತರದಲ್ಲಿ ಇರಲಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ತುಂಬಿಕೊಳ್ಳುತ್ತದೆ. ಸಿಲಿಂಡರ್ ಗೂಡಿನ ತಳದಲ್ಲಿ ಹೊರಕ್ಕೆ ತೂತು ಇರಲೇಬೇಕು. ಓಡಿಸುವಾಗ ರೆಗ್ಯುಲೇಟರ್ ಬಂದ್.

ಟಾಯ್ಲೆಟ್ಟಿಗೆ ಪ್ರತ್ಯೇಕ ಕೋಣೆ ಕಟ್ಟಿಸಬೇಡಿ. ಮಂಚದ ಕೆಳಗೆ ತಳ್ಳುವ ಪೋರ್ಟಬಲ್ ಸಾಕು. ಖಾಲಿ ಮಾಡುವುದು ಮನೆಯ ಟಾಯ್ಲೆಟ್ಟಿಗೇ, ತೋಟಕ್ಕೂ ಹಳ್ಳಕ್ಕೂ ಅಲ್ಲ.

ಅಡ್ಡದಾರಿ:

ತುಂಬಾ ಉಪಕಾರ ಆಯ್ತು ಸರ್. ಹಾಗಾದರೆ ಉಳಿದದ್ದು ಗಿಡ್ಡ ಟ್ರಾವೆಲರ್ ಮತ್ತು ಈಕೋ. ಡಬಲ್ ಕ್ಯಾಬ್ ಪಿಕಪ್ ಬಗ್ಗೆ ಯಾರೂ ಹೇಳಲಿಲ್ಲ. ಇಳಿಯುವಾಗ ಬ್ರೇಕಿನ ಕಥೆ ಏನು?

ಕಾಫಿ ಕಣ:

ಮೇಡಂ/ಸರ್, ನಾನು ಟ್ರಾವೆಲರ್ ಪರ ಇಲ್ಲ. 3,050 ಆದರೂ 2 ಮೀಟರ್ ಅಗಲ, ಎರಡೂವರೆ ಮೀಟರ್ ದಾಟಿದ ಎತ್ತರ. ನೀವು ಕೇಳಿದ್ದೇ ಅಂಗಳದವರೆಗೆ ಹೋಗುವ ಗಾಡಿ. ಈಕೋ 3,675 ಮಿ.ಮೀ. ಉದ್ದ, 4.5 ಮೀಟರ್ ಟರ್ನಿಂಗ್ ರೇಡಿಯಸ್. ಎದುರು ಪಿಕಪ್ ಬಂದರೆ ಧರೆಗೆ ಒತ್ತಿ ಸೈಡ್ ಕೊಡಬಹುದು. ಬಿಡಿಭಾಗ ಯಾವ ತಾಲ್ಲೂಕಿನಲ್ಲೂ ಸಿಗುತ್ತದೆ, ಇಂಥ ಗಾಡಿಗೆ ಇದು ಸಣ್ಣ ಮಾತಲ್ಲ.

ಕೊರತೆಗಳನ್ನೂ ತಿಳಿದುಕೊಳ್ಳಿ. ಮೂವರು ಅಡ್ಡಲಾಗಿ ಮಲಗಲು ಆಗುವುದಿಲ್ಲ. ಮಗಳಿಗೆ ಮುಂದಿನ ಸೀಟುಗಳ ಮೇಲೆ ಬಿಡಿಸುವ ಮಂಚ ಮಾಡಿಸಬೇಕು, ಇಲ್ಲವೇ ಹಿಂಬಾಗಿಲಿಗೆ ಕಟ್ಟುವ ಟೆಂಟ್. ಅಡುಗೆ ಹಿಂಬಾಗಿಲು ಎತ್ತಿ ಹೊರಗೆ ನಿಂತೇ. 13 ಇಂಚಿನ ಚಕ್ರ, 160 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಇರುವುದರಿಂದ ಮೋರಿ ದಾಟಿ ಗೇಟಿಗೆ ಏರುವ ಕಡೆ ಓರೆಯಾಗಿ ಹತ್ತಿಸಬೇಕು. ಎಂಜಿನ್ನಿಗೆ ಟರ್ಬೊ ಇಲ್ಲ, ಟಾರ್ಕ್ 105 ಎನ್‌ಎಂ ಒಳಗೆ. ಎತ್ತರ ಹೆಚ್ಚಿದಂತೆ ಪ್ರತಿ ಸಾವಿರ ಮೀಟರಿಗೆ ಸರಿಸುಮಾರು ಶೇ. 10ರಷ್ಟು ಶಕ್ತಿ ಕಮ್ಮಿಯಾಗುತ್ತದೆ. 2,240 ಮೀಟರಿನ ಊಟಿಯಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹೋಗಿರುತ್ತದೆ. ಕಡಿದಾದ ತಿರುವು ಬರುವ ಮುಂಚೆಯೇ ಮೊದಲನೇ ಗೇರು ಹಾಕಿಕೊಳ್ಳಿ, ಮಧ್ಯೆ ಬದಲಿಸಲು ಹೋದರೆ ನಿಂತುಬಿಡುತ್ತದೆ. ಸಾಮಾನನ್ನು 150 ಕೆ.ಜಿ.ಗೆ ಇಳಿಸಿ: ಪ್ಲೈ ಬದಲು ಅಲ್ಯೂಮಿನಿಯಂ ಚೌಕಟ್ಟು, ನೀರು 20 ಲೀಟರ್, ಫ್ರಿಜ್ ಬದಲು ಐಸ್ ಬಾಕ್ಸ್. ಸಿಎನ್‌ಜಿ ಮಾದರಿ ಬೇಡ, ಟ್ಯಾಂಕು ನಿಮ್ಮ ಹಾಸಿಗೆಯ ಜಾಗವನ್ನೇ ತಿನ್ನುತ್ತದೆ.

ಡಬಲ್ ಕ್ಯಾಬ್ ಪಿಕಪ್ಪಿನಲ್ಲಿ ಬೊಲೆರೊ ಕ್ಯಾಂಪರಿನಂಥವು ರಸ್ತೆಗೆ ಹೇಳಿಮಾಡಿಸಿದವು, ಆದರೆ ಸಾಮಾನ್ಯವಾಗಿ ಸರಕು ಗಾಡಿಯಾಗಿ ಹಳದಿ ಬೋರ್ಡಿನಲ್ಲಿ ನೋಂದಣಿ ಆಗುತ್ತವೆ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಪರ್ಮಿಟ್ ಬೆನ್ನಿಗೆ ಬರುತ್ತದೆ. ಹಿಂದಿನ ತೊಟ್ಟಿಯೂ ಆರಡಿ ಇಲ್ಲ, ಕಾಲು ಚಾಚಲು ಹಿಂಬಾಗಿಲು ಇಳಿಸಿರಬೇಕು.

ಇಳಿಜಾರಿಗೆ ಹಳೇ ಡ್ರೈವರುಗಳ ಮಾತೇ ಸರಿ: ಹತ್ತುವ ಗೇರಿನಲ್ಲೇ ಇಳಿಯಬೇಕು. ಕಾಲನ್ನು ಬ್ರೇಕಿನ ಮೇಲೇ ಇಟ್ಟುಕೊಂಡು ಇಳಿದರೆ ಪ್ಯಾಡು ಕಾದು ಹಿಡಿತ ಬಿಡುತ್ತದೆ, ಆ ಬಿಸಿ ಬ್ರೇಕ್ ಆಯಿಲಿಗೆ ಹೋಗುತ್ತದೆ. ಆಯಿಲು ವರ್ಷ ಕಳೆದಂತೆ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲು ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ, ತೇವ ಕುಡಿದದ್ದು 155ಕ್ಕೇ ಕುದಿಯಬಹುದು. ಕುದಿದು ಗುಳ್ಳೆ ಎದ್ದರೆ ಪೆಡಲು ನೆಲ ಮುಟ್ಟುತ್ತದೆ. ಹಳೆಯ ಗಾಡಿ ಕೊಂಡ ದಿನವೇ ಆಯಿಲು ಬದಲಿಸಿ, ಆಮೇಲೆ ಎರಡು ವರ್ಷಕ್ಕೊಮ್ಮೆ. ಹಿಂದಿನ ಡ್ರಮ್ ಬಿಚ್ಚಿಸಿ ವೀಲ್ ಸಿಲಿಂಡರ್ ಒದ್ದೆಯಾಗಿದೆಯಾ ನೋಡಿಸಿ. ಟೈರಿನ ಬದಿಯಲ್ಲಿ ನಾಲ್ಕಂಕಿ ಇರುತ್ತದೆ, 2321 ಎಂದರೆ 2021ರ 23ನೇ ವಾರ. ಆರು ವರ್ಷ ದಾಟಿದ್ದರೆ ಟೈರಿನ ಗುಂಡಿ (ಹಿಡಿತ ಕೊಡುವ ಉಬ್ಬು ಅಚ್ಚು) ಎಷ್ಟೇ ಚೆನ್ನಾಗಿದ್ದರೂ ಮಳೆಗಾಲಕ್ಕೆ ಬೇಡ.

ನಟ್ಟು ಬೋಲ್ಟು:

ಆರ್‌ಟಿಒ ಬಾಕಿ ಇತ್ತು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. ಸೀಟು ತೆಗೆಯುವುದು, ಛಾವಣಿ ಕತ್ತರಿಸಿ ಎತ್ತುವುದು, ಹೊಸ ಕಿಟಕಿ ಕೊರೆಯುವುದು ಇದರೊಳಗೆ ಬರುತ್ತವೆ. ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಮಾನದಂಡ ಇದೆ. ಅದರಂತೆ ಅನುಮೋದನೆ ಪಡೆದ ಬಿಲ್ಡರ್ ಬಳಿ ಕಟ್ಟಿಸಿ, ಕಾಗದ ಸಮೇತ ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಎಂದು ನೋಂದಾಯಿಸುವುದು ನೇರ ದಾರಿ. ಮುಂಗಡ ಕೊಡುವ ಮೊದಲು ನಿಮ್ಮ ಆರ್‌ಟಿಒದಲ್ಲೇ ತೆರಿಗೆ ವಿಚಾರಿಸಿ. ಈಕೋ ಆದರೆ ಸೀಟು, ಬಾಡಿ ಮುಟ್ಟದೆ ಎತ್ತಿ ಕೆಳಗಿಡುವ ಪೆಟ್ಟಿಗೆಯಂತೆ ಮಂಚ ಮಾಡಿಸಿ, ಅದು ಸಾಮಾನು ಅಷ್ಟೆ. ಕಟ್ಟಿಸಿದ ಗಾಡಿಯ ಮಾರ್ಪಾಡನ್ನು ಇನ್ಶೂರೆನ್ಸ್ ಪಾಲಿಸಿಯಲ್ಲಿ ಬರೆಸದಿದ್ದರೆ ಕ್ಲೇಮಿಗೆ ತಕರಾರು ಬರುತ್ತದೆ. ಲೈಸೆನ್ಸಿನ ಚಿಂತೆ ಬೇಡ, ಒಟ್ಟು ತೂಕ 7,500 ಕೆ.ಜಿ.ವರೆಗೆ ಎಲ್‌ಎಂವಿ (ಹಗುರ ಮೋಟಾರು ವಾಹನ) ಲೈಸೆನ್ಸ್ ಸಾಕು.

ಘಟ್ಟದ ಗೇರು:

ಕಾಫಿ ಕಣದವರ ಮಾತು ಒಪ್ಪುತ್ತೇನೆ, ಒಂದು ಷರತ್ತಿನ ಮೇಲೆ. ಮಳೆಯ ರಾತ್ರಿ ಮೂವರೂ ಒಳಗೇ ಕೂರಬೇಕಾಗುತ್ತದೆ, ಹೊರಗೆ ಇಂಬಳ (ಜಿಗಣೆ). ಈಕೋದಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಲ್ಲಲು ಆಗುವುದಿಲ್ಲ. ಅದು ಸರಿ ಅನ್ನಿಸಿದರೆ ಈಕೋ, ಇಲ್ಲದಿದ್ದರೆ ಟ್ರಾವೆಲರ್ ತಗೊಂಡು ಕೊನೆಯ ಅರ್ಧ ಕಿಲೋಮೀಟರ್ ನಡೆಯಿರಿ.

ದುಡ್ಡು ಕೊಡುವ ಮೊದಲು ಬಯಲಲ್ಲಿ ಸುಣ್ಣದ ಗೆರೆ ಎಳೆದು 3 ಮೀಟರ್ ಅಗಲದ, ಲಂಬವಾಗಿ ತಿರುಗುವ ದಾರಿ ಗುರುತಿಸಿ. ಒಳಮೂಲೆಗೆ ಒಂದು ಬಿದಿರು ಗಳು ನೆಡಿ. ಎರಡೂ ಕಡೆ ತಿರುಗಿಸಿ, ಆಮೇಲೆ ರಿವರ್ಸಿನಲ್ಲಿ. ಹಿಂಬದಿಯ ಮೂಲೆ ಎಷ್ಟು ಹೊರಗೆ ಬೀಸುತ್ತದೆ ಎಂದು ಒಬ್ಬರು ಹೊರಗೆ ನಿಂತು ಅಳೆಯಲಿ, ಧರೆಗೆ ಉಜ್ಜುವುದು ಅದೇ.

ಊಟಿಗೆ ಹೋಗುವಾಗ ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, ಕಾಡಿನೊಳಗೆ ನಿಲ್ಲಿಸಿ ಅಡುಗೆ ಮಾಡುವಂತಿಲ್ಲ. ನೀಲಗಿರಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು. ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಲಟ್ಟಿ ಘಾಟಿಯ 36 ತಿರುವುಗಳಲ್ಲಿ ಹೊರಗಿನ ಗಾಡಿಗಳಿಗೆ ಹತ್ತಲು ಬಿಡುತ್ತಾರೆ, ಇಳಿಯಲು ಬಿಡುವುದಿಲ್ಲ. ವಾಪಸು ಬರುವಾಗ ಗೂಡಲೂರು ಮೇಲಿಂದ ಬನ್ನಿ.