ಯುದ್ಧದಿಂದ ಮರಳಿದ ಸೈನಿಕರ ಬೇಸಾಯ: ಆಸ್ಟ್ರೇಲಿಯಾದಲ್ಲಿ ಸಾಲ ಏಕೆ ತೀರಲಿಲ್ಲ?

ಪ್ರಶ್ನೆ (ಇತಿಹಾಸ ವಿದ್ಯಾರ್ಥಿ):
ಮೊದಲ ಮಹಾಯುದ್ಧದಿಂದ ಮರಳಿದ 35,000ಕ್ಕೂ ಹೆಚ್ಚು ಸೈನಿಕರಿಗೆ ಆಸ್ಟ್ರೇಲಿಯಾದ ರಾಜ್ಯ ಸರ್ಕಾರಗಳು ಜಮೀನು ಮತ್ತು ಸಾಲ ಕೊಟ್ಟು ಬೇಸಾಯಕ್ಕೆ ಹಚ್ಚಿದವು. ಅವರಲ್ಲಿ ಬಹಳ ಮಂದಿ ಕೆಲವೇ ವರ್ಷಗಳಲ್ಲಿ ಜಮೀನು ಬಿಟ್ಟು ಹೊರಟರು. 1929ರಲ್ಲಿ ನ್ಯಾಯಮೂರ್ತಿ ಪೈಕ್ ಸಲ್ಲಿಸಿದ ವರದಿಯು ಸರ್ಕಾರಗಳ ನಷ್ಟವನ್ನು ಸುಮಾರು 2.35 ಕೋಟಿ ಪೌಂಡ್ ಎಂದು ಲೆಕ್ಕ ಹಾಕಿತು. ಬಂಡವಾಳದ ಕೊರತೆ, ಸಂಸಾರ ಸಾಗಿಸಲು ಸಾಕಾಗದಷ್ಟು ಚಿಕ್ಕ ಹಿಡುವಳಿ, ಬೆಲೆ ಕುಸಿತ ಇವುಗಳ ಜೊತೆಗೆ ಅನೇಕರು ಬೇಸಾಯಕ್ಕೆ ತಕ್ಕವರಾಗಿರಲಿಲ್ಲ ಎಂಬುದನ್ನೂ ಕಾರಣವಾಗಿ ಹೇಳಿತು. ಈ ಕೊನೆಯ ಕಾರಣಕ್ಕೆ ಎಷ್ಟು ತೂಕ ಕೊಡಬೇಕು? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1 (ನಿವೃತ್ತ ಬ್ಯಾಂಕ್ ನೌಕರ):
ಹೆಚ್ಚು ತೂಕ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೇಲಿ, ಜಾನುವಾರು, ಉಪಕರಣ ಮುಂತಾದವಕ್ಕೆ ಕೇಂದ್ರ ಸರ್ಕಾರವು ರಾಜ್ಯಗಳ ಮೂಲಕ ತಲಾ ಸರಾಸರಿ 500 ಪೌಂಡ್, ಮುಂದೆ 625 ಪೌಂಡ್ ಸಾಲದ ವ್ಯವಸ್ಥೆ ಮಾಡಿತು. ಜಮೀನಿನ ಬೆಲೆಯ ಕಂತು ಇದರ ಮೇಲೆ ಬರುತ್ತಿತ್ತು. ಯುದ್ಧ ಮುಗಿದ ಹೊಸತರಲ್ಲಿ, ಬೆಲೆಗಳೆಲ್ಲ ಏರಿದ್ದಾಗ, ಸರ್ಕಾರಗಳು ದೊಡ್ಡ ಎಸ್ಟೇಟುಗಳನ್ನು ಕೊಂಡು ತುಂಡು ಮಾಡಿ ಹಂಚಿದ್ದರಿಂದ ಆ ಏರಿದ ಬೆಲೆಯೇ ರೈತನ ಸಾಲವಾಗಿ ನಿಂತಿತು. ಕೈಯಲ್ಲಿ ಸ್ವಂತ ಹಣವಿಲ್ಲದವನು ಮೊದಲ ಬೆಳೆ ಬರುವ ಮುನ್ನವೇ ಬಡ್ಡಿಗೆ ಸಿಕ್ಕಿಬಿದ್ದ ಮೇಲೆ, ಫಸಲಿನ ಬೆಲೆ ಇಳಿದರೂ ಕಂತು ಇಳಿಯದಿದ್ದಾಗ, ಅವನ ಜಾಣತನ ಎಷ್ಟಿದ್ದರೇನು?

ಉತ್ತರ 2 (ಮಿಲ್ಡುರಾ ಕನ್ನಡಿಗ):
ಮೇಲಿನವರ ಮಾತಿಗೆ ನಾನಿರುವ ಕಡೆಯ ರೆಡ್ ಕ್ಲಿಫ್ಸ್ ಎಂಬ ಸೈನಿಕರ ವಸಾಹತು ಒಳ್ಳೆಯ ಉದಾಹರಣೆ. ಮರ್ರಿ ನದಿಯ ನೀರನ್ನು ಪಂಪಿನಿಂದ ಎತ್ತಿ, ಸುಮಾರು 15 ಎಕರೆಯ ತುಂಡುಗಳಲ್ಲಿ ಒಣದ್ರಾಕ್ಷಿ ಬೆಳೆಸುವ ಯೋಜನೆ ಅದು. ಮೊದಲು ನೆಲವನ್ನು ಹಿಡಿದಿದ್ದ ಮ್ಯಾಲಿ ಮರಗಳ ಗಟ್ಟಿ ಬುಡಗಳನ್ನು ಕೀಳಬೇಕಿತ್ತು. ‘ಬಿಗ್ ಲಿಜ್ಜಿ’ ಎಂಬ ಬೃಹತ್ ಯಂತ್ರವನ್ನು ಅದಕ್ಕಾಗಿಯೇ ಬಳಸಿದರು. ಬಳ್ಳಿ ನೆಟ್ಟು ಫಸಲಿಗೆ ವರ್ಷಗಟ್ಟಲೆ ಕಾಯಬೇಕು. ಬಂದ ಗೊಂಚಲನ್ನು ಪೊಟ್ಯಾಶ್ ದ್ರಾವಣದಲ್ಲಿ ಅದ್ದಿ, ತಂತಿಬಲೆಯ ಅಟ್ಟಣೆಗಳ ಮೇಲೆ ಹರಡಿ ಒಣಗಿಸಬೇಕು. ಆ ಹೊತ್ತಿನಲ್ಲಿ ಮಳೆ ಬಿದ್ದರೆ ವರ್ಷದ ದುಡಿಮೆಯೇ ಕೆಡುತ್ತದೆ. ಇಷ್ಟೆಲ್ಲ ಕಲಿತು ಫಸಲು ತೆಗೆಯುವ ಹೊತ್ತಿಗೆ, 1920ರ ದಶಕದಲ್ಲಿ, ಒಣದ್ರಾಕ್ಷಿಯ ಬೆಲೆ ಕುಸಿದಿತ್ತು. ಇಲ್ಲಿ ಸೋತವರನ್ನು ಸೋಮಾರಿಗಳೆಂದು ಕರೆಯುವುದು ನನಗೆ ಅನ್ಯಾಯವೆನಿಸುತ್ತದೆ.

ಉತ್ತರ 3 (ಗ್ರಂಥಪಾಲಕಿ):
ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ದೇಹದ ಸ್ಥಿತಿಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಗಾಯಗೊಂಡವರು, ವಿಷಾನಿಲದಿಂದ ಶ್ವಾಸಕೋಶ ಕೆಟ್ಟವರು ಬುಡ ಕೀಳುವ ಕೆಲಸಕ್ಕೆ ಇಳಿದಿದ್ದರು. ಅವರಿಂದಾಗದ ಕೆಲಸ ಹೆಂಡತಿ, ಮಕ್ಕಳ ಮೇಲೆ ಬೀಳುತ್ತಿತ್ತು, ಅದಕ್ಕೆ ಕೂಲಿಯ ಲೆಕ್ಕವೇ ಇರಲಿಲ್ಲ. ಅದೇ ಯುದ್ಧದಲ್ಲಿ ಹೋರಾಡಿದ ಮೂಲನಿವಾಸಿ ಸೈನಿಕರಿಗಂತೂ, ಬೆರಳೆಣಿಕೆಯ ಕೆಲವರನ್ನು ಬಿಟ್ಟರೆ, ಜಮೀನೇ ಸಿಗಲಿಲ್ಲ. ಎರಡನೆಯ ಮಹಾಯುದ್ಧದ ನಂತರ, 1945ರ ಒಪ್ಪಂದದಡಿ, ಸರ್ಕಾರಗಳು ಅರ್ಜಿದಾರರನ್ನು ಅನುಭವ ನೋಡಿ ಆರಿಸಿ, ಅಗತ್ಯವಿದ್ದವರಿಗೆ ತರಬೇತಿ ಕೊಟ್ಟವು. ಆದರೆ ಅದರ ಜೊತೆಗೆ ಹಿಡುವಳಿಯ ವಿಸ್ತೀರ್ಣವನ್ನೂ ಹಿಗ್ಗಿಸಿದವು ಎಂಬುದು ನಿಮ್ಮ ಪ್ರಶ್ನೆಗೆ ಮುಖ್ಯ.