‘ದಿನಾ ರಾತ್ರಿ ಎರಡೇ ಪೆಗ್, ಇದು ಚಟಾನಾ?’ – ಓದುಗರ ಸ್ಪಂದನ

ಹೋದ ವಾರದ ಪತ್ರ: ವಯಸ್ಸು 43, ತುಮಕೂರಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ರಾತ್ರಿ ಒಂಬತ್ತಕ್ಕೆ ಶೆಟರ್ ಎಳೆದು ಬರುವಾಗ ಒಂದು 180 ಎಂಎಲ್ ಪ್ಯಾಕೆಟ್ ತಗೊಂಡು ಬರ್ತೀನಿ, ಎರಡು ಪೆಗ್ ಹಾಕಿ ಊಟ ಮಾಡಿ ಮಲಗೋದು, ಆರೇಳು ವರ್ಷದಿಂದ ಹಿಂಗೇ. ಗಲಾಟೆ ಇಲ್ಲ, ಸಾಲ ಇಲ್ಲ, ಒಂದು ದಿನಾನೂ ಅಂಗಡಿ ಲೇಟಾಗಿ ತೆಗೆದಿಲ್ಲ. ಅಯ್ಯಪ್ಪ ಮಾಲೆ ಹಾಕಿದಾಗ ಒಂದು ಹನಿ ಮುಟ್ಟಲ್ಲ. ಮೊದಲು 41 ದಿನ ಹಾಕ್ತಿದ್ದೆ, ಆಮೇಲೆ 11 ದಿನ ಮಾಡ್ಕೊಂಡೆ, ಹೋದ ವರ್ಷ ಅಂಗಡಿ ಕೆಲಸ ಜಾಸ್ತಿ ಅಂತ 3 ದಿನ. ಹೆಂಡತಿ ಇದು ಚಟ ಅಂತಾಳೆ, ನಂಗೆ ಹಂಗನ್ಸಲ್ಲ. ಕುಡೀದಿದ್ರೆ ನಿದ್ದೆ ಬರಲ್ಲ, ಅಷ್ಟೇ. ನೀವೇನಂತೀರಿ?

ಹಾಸನದಿಂದ ಒಬ್ಬರು (51)

ಬ್ರದರ್, ನಿಮ್ಮ ಪತ್ರ ಎರಡು ಸಲ ಓದಿದೆ, ಯಾಕಂದ್ರೆ ನಾಲ್ಕು ವರ್ಷದ ಹಿಂದೆ ನಾನು ಬರೆದಿದ್ರೂ ಅಕ್ಷರ ಅಕ್ಷರ ಇದೇ ಇರ್ತಿತ್ತು. ನಾನೂ ಎಲ್ಲರಿಗೂ ‘ಎರಡೇ ಪೆಗ್’ ಅಂತಿದ್ದೆ, ಸುಳ್ಳು ಹೇಳ್ತಿದೀನಿ ಅಂತ ನಂಗೇ ಗೊತ್ತಿರಲಿಲ್ಲ. ಒಂದು ರಾತ್ರಿ ಮಗಳಿಗೆ ಕೆಮ್ಮು ಅಂತ ಸಿರಪ್ ಕೊಟ್ಟು ಅದರ ಅಳತೆ ಮುಚ್ಚಳ ಟೇಬಲ್ ಮೇಲೇ ಬಿಟ್ಟಿದ್ದೆ, 15 ಎಂಎಲ್‌ಗೆ ಗೀಟು ಇರುತ್ತಲ್ಲ ಅದು. ಏನನ್ನಿಸ್ತೋ ಏನೋ, ನೀರು ಬೆರೆಸೋಕೆ ಮುಂಚೆ ನನ್ನ ಲೋಟದಲ್ಲಿದ್ದಿದ್ದನ್ನ ಆ ಮುಚ್ಚಳಕ್ಕೆ ಹಾಕಿ ಹಾಕಿ ಎಣಿಸಿದೆ. ಐದು ಮುಚ್ಚಳ ಬಂತು. ಅಂದ್ರೆ ನನ್ನ ಒಂದು ಪೆಗ್ 75 ಎಂಎಲ್. ಎರಡು ಪೆಗ್‌ಗೆ 150 ಆಯ್ತು, ಪ್ಯಾಕೆಟ್ಟಲ್ಲಿ ಉಳಿದ 30 ಇಟ್ಕೊಂಡು ಏನ್ ಮಾಡೋದು ಅಂತ ಅದನ್ನೂ ಕೊನೆಗೆ ಹಾಕ್ಕೊಳ್ತಿದ್ದೆ. ಬಾರಲ್ಲಿ ಸ್ಮಾಲ್ ಅಂದ್ರೆ 30. ಹಂಗಾಗಿ ನಾನು ಕುಡೀತಿದ್ದಿದ್ದು ಎರಡಲ್ಲ, ಆರು. ಲೇಬಲ್ ಮೇಲೆ 42.8 ಪರ್ಸೆಂಟ್ ಅಂತಿರುತ್ತೆ ನೋಡಿ, ಆ ಲೆಕ್ಕದಲ್ಲಿ 30 ಎಂಎಲ್‌ಗೆ ಹತ್ತು ಗ್ರಾಂ ಆಲ್ಕೋಹಾಲ್, 180ಕ್ಕೆ ಅರವತ್ತು ಗ್ರಾಂ. ವಾರಕ್ಕೆ 1260 ಎಂಎಲ್, ಅಂದ್ರೆ ಒಂದು ಫುಲ್ ಬಾಟ್ಲಿ ಖಾಲಿ ಆಗಿ ಇನ್ನೊಂದರಲ್ಲಿ ಅರ್ಧಕ್ಕಿಂತ ಜಾಸ್ತಿ. ನೀವೂ 180 ತರ್ತೀನಿ ಅಂತಾನೇ ಬರೆದಿದೀರಿ, ಅದರಲ್ಲಿ ಎರಡು ಪೆಗ್ ಹಾಕಿದ ಮೇಲೆ ಉಳಿದಿದ್ದು ಏನಾಗುತ್ತೆ ಅಂತ ಬರೆದಿಲ್ಲ.

ಗಲಾಟೆ ಇಲ್ಲ ಸಾಲ ಇಲ್ಲ ಅನ್ನೋದು ಒಳ್ಳೇದೇ, ಆದ್ರೆ ಅದು ಅಳತೆ ಅಲ್ಲ. ಬೇರೆ ಥರ ಕೇಳ್ಕೊಳ್ಳಿ. ಎಲೆಕ್ಷನ್ ಟೈಮಲ್ಲಿ ಎರಡು ದಿನ ಬಂದ್ ಅಂದಾಗ, ಇಲ್ಲ ಅಕ್ಟೋಬರ್ 2ರ ಹಿಂದಿನ ಸಂಜೆ, ನೀವು ಜಾಸ್ತಿ ತಂದಿಟ್ಕೊಳ್ತೀರಾ? ನೆಂಟರ ಮನೇಲಿ ರಾತ್ರಿ ಉಳ್ಕೊಳ್ಳಿ ಅಂದ್ರೆ ಏನಾದ್ರೂ ನೆಪ ಹೇಳಿ ಎದ್ದು ಬರ್ತೀರಾ? ಎಂಟೂವರೆಗೆ ಗಿರಾಕಿ ಬಂದು ಪೈಪ್ ಲೆಕ್ಕ ಹಾಕಿಸ್ತಾ ನಿಂತ್ರೆ ಒಳಗೊಳಗೇ ಸಿಟ್ಟು ಬರುತ್ತಾ? ನಂಗೆ ಮೂರೂ ಹೌದು ಇತ್ತು.

ಮಾಲೆ ವಿಷಯ ನಿಮ್ಮ ಪರವಾಗಿ ಅಂತ ಬರೆದಿದೀರಿ. ನಂಗೆ ಓದಿದ ತಕ್ಷಣ ಕಣ್ಣಿಗೆ ಬಿದ್ದಿದ್ದೇ ಅದು. 41, 11, 3. ಸ್ವಾಮಿ ಮೇಲೆ ಭಕ್ತಿ ಕಮ್ಮಿ ಆಗಿಲ್ಲ ಅಂತ ನಂಗೊತ್ತು, ಕುಡೀದೇ ಇರೋಕೆ ಆಗೋ ದಿನ ಕಮ್ಮಿ ಆಗ್ತಾ ಬಂದಿದೆ.

ನಿದ್ದೆ ಬಗ್ಗೆ ಒಂದು ಮಾತು. ಕುಡಿದ್ರೆ ಬೇಗ ನಿದ್ದೆ ಹತ್ತುತ್ತೆ, ಅದು ನಿಜ. ಆದ್ರೆ ಇಳಿಯೋ ಹೊತ್ತಿಗೆ, ಎರಡೂವರೆ ಮೂರಕ್ಕೆ, ಬಾಯಿ ಒಣಗಿ ಎದೆ ಹೊಡ್ಕೊಂಡು ಎಚ್ಚರ ಆಗುತ್ತಲ್ಲ? ಆಮೇಲೆ ಮಗ್ಗಲು ಬದಲಾಯಿಸೋದೇ ಕೆಲಸ. ಮಾರನೇ ದಿನದ ಸುಸ್ತಿಗೆ ಮತ್ತೆ ರಾತ್ರಿ ಬೇಕು. ಬಿಟ್ಟ ಮೇಲೆ ನಂಗೆ ಮೊದಲ ಮೂರು ವಾರ ನಿದ್ದೆ ಸರಿಯಾಗಿ ಬರಲೇ ಇಲ್ಲ, ಇದನ್ನ ಮುಚ್ಚಿಡಲ್ಲ, ಆಮೇಲೆ ಬಂತು.

ನಂಗೆ ತಿಳಿದಿದ್ದು ಹೆಂಗೆ ಅಂದ್ರೆ ತಂಗಿ ಮಗಳ ಮದುವೇಲಿ. ಛತ್ರದಲ್ಲಿ ಎರಡು ರಾತ್ರಿ ಎಲ್ಲರ ನಡುವೆ ಇದ್ದೆ, ಕುಡಿಯೋಕೆ ಆಗಲಿಲ್ಲ. ಮುಹೂರ್ತದ ಬೆಳಿಗ್ಗೆ ಸೋದರಮಾವ ಅಂತ ಧಾರೆಗೆ ನನ್ನನ್ನ ಕರೆದು ಚೊಂಬು ಕೈಗೆ ಕೊಟ್ರು. ಕೈ ನಿಲ್ಲಲಿಲ್ಲ. ಹಾಲು ಕಾಯಿ ಮೇಲೆ ಬೀಳೋದು ಬಿಟ್ಟು ಹುಡುಗಿ ಸೀರೆ ಮೇಲೆ ಬಿತ್ತು, ತಂಗಿ ಗಂಡ ಪಕ್ಕದಿಂದ ನನ್ನ ಮಣಿಕಟ್ಟು ಹಿಡ್ಕೊಂಡ್ರು. ಓಡಾಟದ ಸುಸ್ತು ಪಾಪ ಅಂದ್ರು ಎಲ್ಲಾರೂ. ನಂಗೆ ಮಾತ್ರ ಗೊತ್ತಿತ್ತು ಯಾಕೆ ಅಂತ. ಮದುವೆ ವಿಡಿಯೋದಲ್ಲಿ ಅದು ಇದೆ, ಇವತ್ತಿಗೂ ಆ ಭಾಗ ಬಂದ್ರೆ ನಾನು ಎದ್ದು ಹೋಗ್ತೀನಿ.

ಧಾರವಾಡ ಕಡೆಯಿಂದ, ಸ್ಟಾಫ್ ನರ್ಸ್

ಹಾಸನದವರು ಬರೆದದ್ದು ಖರೇ ಐತ್ರಿ. ಅದನ್ನ ಓದಿ ನೀವು ಹಟಕ್ಕ ಬಿದ್ದು ಇವತ್ತ ರಾತ್ರಿಯಿಂದನ ಪೂರಾ ಬಂದ್ ಅಂತ ಮಾಡಬ್ಯಾಡ್ರಿ, ಅದನ್ನ ಹೇಳಾಕ ಬರೀಲಿಕ್ಕತ್ತೀನಿ. ವರ್ಷಗಟ್ಟಲೆ ದಿನಾ ಕುಡದ ಮೈ ಒಮ್ಮೆಲೇ ಬಿಟ್ರ ತಿರುಗಿ ಬೀಳ್ತೈತಿ. ಆರರಿಂದ ಹನ್ನೆರಡು ತಾಸಿನೊಳಗ ಕೈ ನಡುಗೂದು, ಬೆವರೂದು, ವಾಂತಿ ಬಂದಂಗ ಆಗೂದು ಶುರು ಆಗ್ತಾವ. ಕೆಲವರಿಗೆ ಎರಡು ದಿನದೊಳಗ ಫಿಟ್ಸ್ ಬರ್ತಾವ. ಎರಡನೇ ಮೂರನೇ ದಿನಕ್ಕ ಬುದ್ಧಿ ಭ್ರಮೆ ಆದವರನ್ನೂ ನೋಡೇನಿ, ಅದಕ್ಕ ಚಿಕಿತ್ಸೆ ಸಿಗಲಿಲ್ಲಂದ್ರ ಜೀವಕ್ಕ ಕುತ್ತು ಐತ್ರಿ. ಎಲ್ಲಾರಿಗೂ ಹಿಂಗ ಆಗೂದಿಲ್ಲ, ಆದ್ರ ಯಾರಿಗೆ ಆಗ್ತೈತಿ ಅಂತ ಮನಿಯೊಳಗ ಕುಂತು ಹೇಳಾಕ ಬರೂದಿಲ್ಲ.

ನಮ್ಮ ವಾರ್ಡಿಗೆ ಒಬ್ಬ ಟೇಲರ್ ಕಾಲು ಮುರಕೊಂಡು ಅಡ್ಮಿಟ್ ಆಗಿದ್ರು, ಭಾಳ ಶಾಂತ ಮನಷ್ಯಾ. ಕುಡೀತಾರೇನು ಅಂತ ಕೇಳಿದ್ರ ಮನಿಯವರು ‘ರಾತ್ರಿ ಸ್ವಲ್ಪ ತಗೋತಾರ್ರೀ ಅಷ್ಟ’ ಅಂದ್ರು, ನಾವೂ ಹಂಗ ಬರಕೊಂಡ್ವಿ. ಮೂರನೇ ರಾತ್ರಿ ಸಲೈನ್ ಕಿತ್ತಿ ಒಗದ್ರು, ಆಮ್ಯಾಗ ಹಾಸಗಿ ಮ್ಯಾಲೆ ಎದ್ದು ಕುಂತು ಬರೇ ಗಾಳಿಯೊಳಗ ಸೂಜಿಗೆ ದಾರ ಪೋಣಿಸಾಕ ಹತ್ತಿದ್ರು, ಪೋಣಿಸೂದು, ದಾರದ ತುದಿ ನಾಲಿಗಿಗೆ ಒತ್ತೂದು, ಮತ್ತ ಪೋಣಿಸೂದು. ಬೆಳತನಕ. ಅವರ ಹೆಂಡ್ತಿ ಬಾಗಲದಾಗ ನಿಂತು ಅಳತಿದ್ರು. ಮೊದಲ ದಿನನ ಖರೇ ಅಳತಿ ಹೇಳಿದ್ರ ಡಾಕ್ಟರು ಅವತ್ತ ಗುಳಿಗಿ, ವಿಟಮಿನ್ ಬಿ1 ಇಂಜೆಕ್ಷನ್ ಎಲ್ಲಾ ಶುರು ಮಾಡ್ತಿದ್ರು. ಅದಕ್ಕ ಆಪರೇಷನ್ ಇರಲಿ ಜ್ವರ ಇರಲಿ, ಡಾಕ್ಟರ್ ಮುಂದ ಕುಡಿತದ ಲೆಕ್ಕ ಕಡಿಮಿ ಹೇಳಬ್ಯಾಡ್ರಿ.

ಚಟ ಹೌದೋ ಅಲ್ಲೋ ಅಂತ ತಿಳಕೊಳ್ಳಾಕ ವಿಶ್ವ ಆರೋಗ್ಯ ಸಂಸ್ಥೆಯವರು ಮಾಡಿದ ಹತ್ತು ಪ್ರಶ್ನೆ ಅದಾವ, ‘ಆಡಿಟ್’ ಅಂತಾರ, ಒಟ್ಟು 40 ಅಂಕ. 8 ಇಲ್ಲಾ ಅದಕ್ಕಿಂತ ಹೆಚ್ಚು ಬಂದ್ರ ಎಚ್ಚರ ಆಗಬೇಕು, 20 ಇಲ್ಲಾ ಅದಕ್ಕಿಂತ ಹೆಚ್ಚು ಬಂದ್ರ ಅವಲಂಬನೆ ಇರಬಹುದು ಅಂತ ಡಾಕ್ಟರು ಪೂರಾ ತಪಾಸಣಿ ಮಾಡ್ತಾರ. ಎಷ್ಟು ದಿನಕ್ಕೊಮ್ಮೆ, ಎಷ್ಟು, ಶುರು ಮಾಡಿದ ಮ್ಯಾಲೆ ನಿಲ್ಲಿಸಾಕ ಆಗಲಿಲ್ಲೇನು, ಮನಿಯವರು ಕಡಿಮಿ ಮಾಡು ಅಂದಾರೇನು, ಇಂಥಾವ. ಮನಿಯವರು ಅಂದದ್ದಕ್ಕೂ ಅಂಕ ಅದಾವ್ರಿ, ಹಂಗಾಗಿ ನಿಮ್ಮ ಹೆಂಡ್ತಿ ಮಾತು ಬರೇ ಕಿರಿಕಿರಿ ಅಲ್ಲ. ಎಲ್‌ಎಫ್‌ಟಿ ಅಂತ ಲಿವರಿನ ರಕ್ತ ಪರೀಕ್ಷಾ ಐತಿ, ಮಾಡಿಸ್ರಿ, ಆದ್ರ ರಿಪೋರ್ಟ್ ನಾರ್ಮಲ್ ಬಂತು ಅಂದ ಕೂಡಲೆ ಎಲ್ಲಾ ಸರಿ ಐತಿ ಅಂತ ತಿಳೀಬ್ಯಾಡ್ರಿ, ಲಿವರ್ ಭಾಳ ದಿನ ತಡಕೋತೈತಿ. ಜಿಲ್ಲಾ ಆಸ್ಪತ್ರಿಯೊಳಗ ಮಾನಸಿಕ ವಿಭಾಗ ಇರ್ತೈತಿ. ಮಾನಸಿಕ ಆರೋಗ್ಯದ ದೊಡ್ಡ ಆಸ್ಪತ್ರಿ ಅಂದ್ರ ಬೆಂಗಳೂರಿನ್ಯಾಗ ನಿಮ್ಹಾನ್ಸ್, ನಮ್ಮ ಕಡೆ ಡಿಮ್ಹಾನ್ಸ್. ಮೊದಲ ಬರೇ ಮಾತಾಡಬೇಕು ಅಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ರಿ, ರಾತ್ರಿನೂ ತಗೋತಾರ, ಕನ್ನಡದಾಗ ಮಾತಾಡ್ತಾರ, ರೊಕ್ಕ ಇಲ್ಲ.

ಮೈಸೂರು, ನಿವೃತ್ತ ನೌಕರರು

ಎಲ್ಲರೂ ಸೇರಿ ಆ ಮನುಷ್ಯನನ್ನ ಹೆದರಿಸ್ತಾ ಇದೀರಿ ಅನ್ಸುತ್ತೆ. ನಾನು ಮೂವತ್ತು ವರ್ಷದಿಂದ ಶನಿವಾರ ಶನಿವಾರ ಎರಡು ಸ್ಮಾಲ್ ತಗೊಳ್ತೀನಿ, ಬಿಪಿ ಶುಗರ್ ಎರಡೂ ಇಲ್ಲ. ಸ್ವಲ್ಪ ತಗೊಂಡ್ರೆ ಹಾರ್ಟಿಗೆ ಒಳ್ಳೇದು ಅಂತ ನಮ್ಮ ಕಾಲದ ಡಾಕ್ಟರುಗಳೇ ಹೇಳ್ತಿದ್ರು. ದುಡಿದು ಬಂದವನು ಮನೇಲಿ ಕೂತು ಎರಡು ತಗೊಂಡ್ರೆ ರೋಗಿ ಅನ್ನಬೇಡಿ.

ಬೆಂಗಳೂರು, 34, ಮಹಿಳೆ

ಮೈಸೂರಿನ ಅಂಕಲ್, ನೀವು ಶನಿವಾರ 60 ಎಂಎಲ್ ತಗೊಂಡು ನಿಲ್ಲಿಸ್ತೀರಿ, ಅವರು ದಿನಾ 180 ತರ್ತಾರೆ, ಎರಡೂ ಒಂದೇ ಅಲ್ಲ. ಹಾರ್ಟಿಗೆ ಒಳ್ಳೇದು ಅನ್ನೋದು ಈಗ ಹಳೇದಾಯ್ತು, ಇಷ್ಟು ಕುಡಿದ್ರೆ ಸೇಫ್ ಅನ್ನೋ ಅಳತೆನೇ ಇಲ್ಲ ಅಂತ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ, ಕ್ಯಾನ್ಸರ್ ತರೋ ವಸ್ತುಗಳ ಲಿಸ್ಟಲ್ಲಿ ಆಲ್ಕೋಹಾಲ್ 1988ರಿಂದಾನೇ ಇದೆ.

ನಾನು ಬರೀತಿರೋದಕ್ಕೆ ಇನ್ನೊಂದು ಕಾರಣ ಇದೆ. ವರ್ಕ್ ಫ್ರಮ್ ಹೋಮ್ ಶುರುವಾದ ಮೇಲೆ ನಾನೂ ದಿನಾ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿದ ತಕ್ಷಣ ಒಂದು ಬಿಯರ್, ಬಿಯರ್ ತಾನೇ ಅಂತ. 650ರ ಸ್ಟ್ರಾಂಗ್ ಬಾಟ್ಲಿ 8 ಪರ್ಸೆಂಟ್ ಇದ್ರೆ ಹತ್ರ ಹತ್ರ 120 ಎಂಎಲ್ ವಿಸ್ಕಿ ಸಮ ಅಂತ ಲೆಕ್ಕ ಹಾಕಿದ್ದು ಬಹಳ ತಡವಾಗಿ. ಬಾಟ್ಲಿನ ನ್ಯೂಸ್‌ಪೇಪರಲ್ಲಿ ಸುತ್ತಿ ಕಸದ ಗಾಡಿಗೆ ಹಾಕದೆ ಆಫೀಸ್ ಬ್ಯಾಗಲ್ಲಿ ತಗೊಂಡು ಹೋಗಿ ಬೇರೆ ಏರಿಯಾದಲ್ಲಿ ಹಾಕಿ ಬರ್ತಿದ್ದೆ. ಅಣ್ಣ, ನೀವು ಖಾಲಿ ಪ್ಯಾಕೆಟ್ ಎಲ್ಲಿ ಹಾಕ್ತೀರಿ?

ಸಾಗರದಿಂದ ಒಬ್ಬ ಗೃಹಿಣಿ

ಅಣ್ಣ, ನಿಮ್ಮ ಮನೆಯವರ ಪರವಾಗಿ ಬರೀತಿದೀನಿ ಅಂತ ತಿಳ್ಕೊಳ್ಳಿ. ನಮ್ಮನೇಲೂ ಗಲಾಟೆ ಇರ್ಲಿಲ್ಲ. ನಮ್ಮನೆಯವರು ಕುಡಿದು ಒಂದು ಕೆಟ್ಟ ಮಾತು ಆಡಿದೋರಲ್ಲ. ಆದ್ರೆ ನನ್ನ ಮಗ ಎಂಟನೇ ಕ್ಲಾಸಲ್ಲಿದ್ದಾಗ ಒಂದು ದಿನ ಗಮನಿಸಿದೆ, ಅಪ್ಪನ ಹತ್ರ ಏನೇ ಕೇಳೋದಿದ್ರೂ, ಫೀಸು, ಸಹಿ, ಟೂರ್ ಹೋಗೋದು, ಎಲ್ಲಾ ಬೆಳಿಗ್ಗೆ ಹಲ್ಲುಜ್ಜೋ ಹೊತ್ತಿಗೇ ಕೇಳ್ತಾನೆ. ರಾತ್ರಿ ಕೇಳು ಅಂದ್ರೆ ‘ಬೇಡಮ್ಮ, ನಾಳೆ ಬೆಳಿಗ್ಗೆ’ ಅಂತಾನೆ. ಯಾರೂ ಹೇಳ್ಕೊಟ್ಟಿರ್ಲಿಲ್ಲ ಅವನಿಗೆ. ಒಂದು ಮಳೆಗಾಲದಲ್ಲಿ ಚಿಕ್ಕವಳಿಗೆ ರಾತ್ರಿ ಹನ್ನೊಂದಕ್ಕೆ ಜ್ವರ 103 ದಾಟ್ತು, ಇವರು ಎದ್ದು ಪ್ಯಾಂಟ್ ಹಾಕ್ಕೊಂಡು ಬೈಕ್ ಕೀ ಹಿಡ್ಕೊಂಡು ನಿಂತ್ರು, ಹೋಗೋ ಹಾಗಿಲ್ಲ ಅಂತ ಅವರಿಗೂ ಗೊತ್ತು. ನಾನು ಪಕ್ಕದ ಮನೆ ಬಾಗಿಲು ಬಡಿದೆ. ಇವರು ಆ ಕೀ ಹಿಡ್ಕೊಂಡೇ ಮೆಟ್ಟಿಲ ಮೇಲೆ ಕೂತಿದ್ರು, ನಾವು ವಾಪಸ್ ಬಂದಾಗ್ಲೂ ಅಲ್ಲೇ ಇದ್ರು. ನೀವು ಗಲಾಟೆ ಇಲ್ಲ ಅಂತೀರಿ, ಒಂಬತ್ತೂವರೆ ಮೇಲೆ ನಿಮ್ಮನ್ನ ನಂಬಿ ಮನೇಲಿ ಒಂದು ಕೆಲಸ ಇಟ್ಕೊಳ್ಳೋಕಾಗುತ್ತಾ ಅಂತ ನಿಮ್ಮ ಹೆಂಡ್ತಿನ ಕೇಳಿ ನೋಡಿ.

ಇದು ಅತ್ತಿಗೆಗೆ ಹೇಳೋದು. ‘ಗೊತ್ತಿಲ್ಲದ ಹಾಗೆ ಕುಡಿತ ಬಿಡಿಸ್ತೀವಿ’ ಅಂತ ಗೋಡೆ ಮೇಲೆ ಬರೆದಿರ್ತಾರಲ್ಲ, ದಯವಿಟ್ಟು ಅಂಥ ಪುಡಿ ತರಬೇಡಿ. ನಾನು ತಂದು ಸಾರಿಗೆ ಬೆರೆಸಿದ್ದೆ. ಅವತ್ತು ರಾತ್ರಿ ಇವರು ಕುಡಿದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ ಉಸಿರು ಸಿಗದೆ ಬಿದ್ರು, ಆಂಬುಲೆನ್ಸ್ ಕರೀಬೇಕಾಯ್ತು. ನಾನು ಏನು ಮಾಡಿದೆ ಅಂತ ಡಾಕ್ಟರಿಗೆ ಹೇಳೋಕೆ ನಂಗೆ ಬಾಯಿ ಬರ್ತಾ ಇರ್ಲಿಲ್ಲ, ಹೇಳ್ದೆ. ಡೈಸಲ್ಫಿರಾಮ್ ಅಂತ ಮಾತ್ರೆ ಇದೆಯಂತೆ, ಅದರ ಮೇಲೆ ಕುಡಿದ್ರೆ ಹೀಗೇ ಆಗುತ್ತೆ, ಅದಕ್ಕೇ ಕುಡಿಯೋರಿಗೆ ಎಲ್ಲಾ ಹೇಳಿ ಅವರು ಒಪ್ಪಿದ್ರೆ ಮಾತ್ರ ಕೊಡ್ತಾರಂತೆ, ಕದ್ದು ಕೊಟ್ರೆ ಪ್ರಾಣಾನೇ ಹೋಗಬಹುದು ಅಂದ್ರು. ಒಳ್ಳೇದು ಮಾಡೋಕೆ ಹೋಗಿ ನಾನೇ ಕೊಲ್ತಿದ್ದೆ. ಈಗ ಇವರು ಬಿಟ್ಟು ಎರಡು ವರ್ಷ ಆಯ್ತು, ನಡುವೆ ಎರಡು ಸಲ ಮತ್ತೆ ಶುರು ಮಾಡಿದ್ರು, ಮತ್ತೆ ಡಾಕ್ಟರ ಹತ್ರ ಹೋದ್ವಿ.

ತುಮಕೂರಿನವರೇ ಒಬ್ಬರು, ಅಂಗಡಿ ವ್ಯಾಪಾರ

ನಿಮ್ಮದು ಯಾವ ಅಂಗಡಿ ಅಂತ ಗೊತ್ತಿಲ್ಲ, ಬಹುಶಃ ನಾವು ಒಂದೇ ರಸ್ತೇಲಿ ಶೆಟರ್ ಎಳೆಯೋರು. ನಂದು ದಿನಾ ಒಂದು ನೈಂಟಿ (90 ಎಂಎಲ್) ಇತ್ತು, ನಿಮ್ಮಷ್ಟು ಇರ್ಲಿಲ್ಲ, ಡಾಕ್ಟರ್ ಹೇಳಿದ ಹಾಗೆ ಕಮ್ಮಿ ಮಾಡ್ಕೊಂಡು ಬಿಟ್ಟೆ. ಕಷ್ಟ ಇರೋದು ಎಂಟೂವರೆಯಿಂದ ಹತ್ತರವರೆಗೆ ಮಾತ್ರ. ಮಧ್ಯಾಹ್ನ ಎರಡಕ್ಕೆ ಉಂಡ ಹೊಟ್ಟೆ ರಾತ್ರಿ ಒಂಬತ್ತಕ್ಕೆ ಹಸಿದಿರುತ್ತೆ, ಆ ಹಸಿವಲ್ಲೇ ಆಸೆ ಜೋರಾಗೋದು, ಅದಕ್ಕೆ ನಾನು ಎಂಟಕ್ಕೇ ಅಂಗಡೀಲಿ ಕೂತು ಎರಡು ಚಪಾತಿ ತಿಂತಿದ್ದೆ. ವೈನ್‌ಶಾಪ್ ಇರೋ ರಸ್ತೆ ಬಿಟ್ಟು ಸುತ್ತು ಹಾಕಿ ಮನೆಗೆ ಹೋಗ್ತಿದ್ದೆ, ಪೆಟ್ರೋಲ್ ಖರ್ಚಾದ್ರೂ ಪರವಾಗಿಲ್ಲ ಅಂತ.

ಆದ್ರೆ ನಿಮ್ಮದು ದಿನಾ 180, ನರ್ಸ್ ಮೇಡಂ ಹೇಳಿದ್ದು ಕೇಳಿ, ಮೊದಲು ತೋರಿಸ್ಕೊಳ್ಳಿ. ಸೋಮವಾರ ಬೆಳಿಗ್ಗೆ ಅಂಗಡಿ ಹುಡುಗನಿಗೆ ಬಿಟ್ಟು ಜಿಲ್ಲಾ ಆಸ್ಪತ್ರೆಗೆ ಬನ್ನಿ, ಬೇಗ ಬಂದು ಚೀಟಿ ಮಾಡಿಸಿದ್ರೆ ಮಧ್ಯಾಹ್ನದೊಳಗೆ ಮುಗಿಯುತ್ತೆ. ಒಬ್ಬರೇ ಬರೋಕೆ ಮುಜುಗರ ಅಂದ್ರೆ ಪತ್ರಿಕೆಯವರ ಹತ್ರ ನನ್ನ ನಂಬರ್ ಇದೆ, ಕೇಳಿ ತಗೊಳ್ಳಿ, ನಾನೂ ಬರ್ತೀನಿ ಜೊತೇಲಿ.